ಹೂ ಕಾಣುವ ವನಭೋಜನ

ಜಪಾನಿನಲ್ಲಿ ವಸಂತ ಬಂದಿತೆಂದರೆ ಜನರು ಸಂಸಾರಸಮೇತರಾಗಿ ಚೆರ್ರಿ ಮರಗಳಡಿಯಲ್ಲಿ ಕುಳಿತು ಉಣ್ಣುವರಷ್ಟೆ. ನಮಗೇನು ಕೊರತೆ? ಚೈತ್ರ ವೈಶಾಖಗಳಲ್ಲಿ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದತ್ತ ಹೊರಟರೆ ಹೊಂಗೆಯಡಿಯಲ್ಲಿ ಹೂವಿನ ಹಾಸು, ಕಕ್ಕೆಯಲ್ಲಿ ಹೊನ್ನಿನ ಗೊಂಚಲು! ಆದರೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಆ ಅರಣ್ಯದಲ್ಲಿ ಬುತ್ತಿ ಬಿಚ್ಚುವುದು ಸಲ್ಲದು. ಕಾಡು ಮೊದಲಾಗುವ ಮುನ್ನವೇ ಊರ ತೋಪಿನಲ್ಲಿ ಉಂಡು ಹೊರಡತಕ್ಕದ್ದು. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ದರ್ಶನಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಿರಿ.

ಇನ್ನು ಅಡುಗೆಯ ಮಾತು. ನಸುಕಿನಲ್ಲೆದ್ದು ಹತ್ತು ಬಗೆ ಮಾಡಿ ಬಳಲಿದ ತಾಯಿ ಮರದಡಿಯಲ್ಲಿ ನಿದ್ದೆಹೋಗುವುದನ್ನು ನಾವು ಕಂಡಿದ್ದೇವೆ. ಆಕೆಗೆ ಹೂವೆಲ್ಲಿ ಬಂತು? ಪುಳಿಯೋಗರೆ, ಮೊಸರನ್ನ ಸಾಕು. ಗೊಜ್ಜನ್ನು ಹಿಂದಿನ ದಿನವೇ ಕಾಯಿಸಿಡಬಹುದು. ಮುತ್ತುಗದೆಲೆ, ನೀರಿನ ಕೊಡಗಳನ್ನು ಹೊರುವ ಕೆಲಸ ಗಂಡಸರದು. ಬಡಿಸುವುದೂ ಅಂದು ಅವರದೇ.