ಸಮುದಾಯ ಭವನದಲ್ಲಿ ಮಾತು ಯಾಕೆ ಕೇಳಿಸಲ್ಲ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೆಚ್ಚಿನ ಊರುಗಳಲ್ಲಿ ಒಂದು ಸಮುದಾಯ ಭವನ ಸಿಗುತ್ತೆ. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಮೇಲೆ ಆರ್‌ಸಿಸಿ ಇಲ್ಲವೇ ಶೀಟು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿದರೆ ಹಿಂದೆ ಕೂತ ಅಜ್ಜಿಗೆ ಬರೀ ಗೊಂಯ್ ಅನ್ನೋ ಸದ್ದು. ಮನೆ ಮಂಜೂರಾದ ಹೆಸರು ತನ್ನದೋ ಪಕ್ಕದವಳದೋ ಗೊತ್ತಾಗಲ್ಲ. ಬೈಗುಳ ತಿನ್ನೋದು ಮಾತ್ರ ಮೈಕ್‌ಸೆಟ್ ಹುಡುಗ.

ಲೆಕ್ಕ ನೋಡಿ. 60 ಅಡಿ ಉದ್ದ, 40 ಅಡಿ ಅಗಲ, 16 ಅಡಿ ಎತ್ತರದ ಖಾಲಿ ಹಾಲ್, ಎಲ್ಲಾ ಕಡೆ ಸಿಮೆಂಟು. ಅಲ್ಲಿ ಒಂದು ಸದ್ದು ಪೂರ್ತಿ ಅಡಗೋಕೆ ಹೆಚ್ಚುಕಡಿಮೆ 8 ಸೆಕೆಂಡ್ ಬೇಕು. ನೂರು ಜನ ಕೂತರೂ ಎರಡೂವರೆ ಸೆಕೆಂಡ್. ಮಾತು ಸ್ಪಷ್ಟವಾಗಿ ಕೇಳಬೇಕಾದರೆ 1 ಸೆಕೆಂಡ್ ಆಸುಪಾಸು ಇರಬೇಕು. ಇಲ್ಲದಿದ್ದರೆ ಹಿಂದಿನ ಪದ ಸಾಯೋ ಮೊದಲೇ ಮುಂದಿನ ಪದ ಬಂದು ಅದರ ಮೇಲೆ ಬೀಳುತ್ತೆ. ಇದಕ್ಕೆ ಅನುರಣನ ಅಂತಾರೆ. ಮೈಕ್ ಜೋರು ಮಾಡಿದರೆ ಅನುರಣನವೂ ಜೋರಾಗುತ್ತೆ, ಅಷ್ಟೆ.

ಈ ಲೆಕ್ಕದ ಸೂತ್ರ ಕೊಟ್ಟವನು ವ್ಯಾಲೇಸ್ ಸಬೀನ್. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರ ಮಾತೇ ಅರ್ಥವಾಗ್ತಿರಲಿಲ್ಲ. ಆತ ಪಕ್ಕದ ಥಿಯೇಟರಿನ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡಿ, ಎಷ್ಟು ದಿಂಬಿಗೆ ಸದ್ದು ಎಷ್ಟು ಬೇಗ ಅಡಗುತ್ತೆ ಅಂತ ಗಡಿಯಾರ ಹಿಡಿದು ಅಳೆದ.

ನಮ್ಮ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಹೀಗೇ. ಐದು ವರ್ಷದ ಕೋರ್ಸಿನಲ್ಲಿ ಧ್ವನಿಶಾಸ್ತ್ರ ಒಂದು ಥಿಯರಿ ಪೇಪರ್ ಆಗಿ ಬಂದು ಹೋದರೆ ಸೂತ್ರ ಪರೀಕ್ಷೆಗೆ ಉಳಿಯುತ್ತೆ, ಕಟ್ಟಡಕ್ಕೆ ಇಳಿಯಲ್ಲ. ವಿಜಯಪುರಕ್ಕೆ ಟೂರ್ ಹೋಗಿ ಗೋಳಗುಮ್ಮಟದಲ್ಲಿ ಕೂಗಿ ಬಂದರೆ ಸಾಲದು! ಐಚ್ಛಿಕ ವಿಷಯವಾಗಿ ಇಡೋಣ ಅನ್ನೋರಿದ್ದಾರೆ. ಇಡಲಿ, ಆಸಕ್ತರು ಆಳವಾಗಿ ಓದಲಿ. ಆದರೆ ಅದನ್ನು ಆರಿಸದವರೂ ನಾಳೆ ಶಾಲೆ, ಕಲ್ಯಾಣ ಮಂಟಪದ ನಕ್ಷೆ ಬರೀತಾರಲ್ಲ? ಹಾಗಾಗಿ ಎಲ್ಲರೂ ಮಾಡುವ ವಿನ್ಯಾಸ ಪ್ರಾಜೆಕ್ಟಿನಲ್ಲೇ ಇದು ಸೇರಬೇಕು, ಅದಕ್ಕೆ ಅಂಕವೂ ಇರಬೇಕು ಅನ್ನೋದು ನಮ್ಮ ವಾದ.

ಪ್ರಾಜೆಕ್ಟಿಗೆ ದೂರ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು, ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಅಲ್ಲಿ ತಂಬೂರಿ ಆಕಾರದ ಸಪ್ತಸ್ವರ ದೇವತಾ ಮಂದಿರವೇ ಇದೆ. ಸಂಗೀತಕ್ಕೆ ಸ್ವಲ್ಪ ಅನುರಣನ ಬೇಕು, ಮಾತಿಗೆ ಅಷ್ಟು ಬೇಡ. ಆ ಮಂದಿರದಲ್ಲೂ ಪಕ್ಕದ ಊರಿನ ಭವನದಲ್ಲೂ ಅಳತೆ ಮಾಡಿದರೆ ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಪಾಠ. ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿಗೆ ಬರವಿಲ್ಲ. ನಾರಿನ ಹಲಗೆಯನ್ನು ಗೋಡೆಯಿಂದ ಸ್ವಲ್ಪ ಅಂತರ ಬಿಟ್ಟು ಹೊಡೆದರೆ ಸದ್ದು ಚೆನ್ನಾಗಿ ಹೀರುತ್ತೆ. ಎಷ್ಟು ಹಲಗೆ, ಎಲ್ಲಿ ಹೊಡೀಬೇಕು, ಖರ್ಚೆಷ್ಟು ಅಂತ ವಿದ್ಯಾರ್ಥಿಗಳು ಲೆಕ್ಕ ಹಾಕಿ ಪಂಚಾಯ್ತಿಗೆ ಕೊಡಲಿ.

ಹಳ್ಳಿ ಭವನಕ್ಕೆ ಆರ್ಕಿಟೆಕ್ಟ್ ಎಲ್ಲಿ ಬರ್ತಾರೆ, ಎಲ್ಲಾ ಎಂಜಿನಿಯರ್, ಕಂಟ್ರಾಕ್ಟರ್ ಕೈಲಿ ತಾನೇ ಅಂತೀರಿ. ಸರಿಯೇ. ಹಾಗಿದ್ದರೆ ಸಿವಿಲ್ ವಿದ್ಯಾರ್ಥಿಗಳನ್ನೂ ಇದೇ ಪ್ರಾಜೆಕ್ಟಿಗೆ ಸೇರಿಸಿ.

ಅಲ್ಲಿವರೆಗೆ ನೀವೇ ನೋಡಬಹುದು. ನಿಮ್ಮೂರ ಭವನ ಖಾಲಿ ಇದ್ದಾಗ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಅಡಗೋವರೆಗೆ ಫೋನಿನ ಸ್ಟಾಪ್‌ವಾಚ್ ಓಡಿಸಿ. 2 ಸೆಕೆಂಡ್ ದಾಟಿದರೆ ಮುಂದಿನ ಗ್ರಾಮಸಭೆಯಲ್ಲಿ ಆ ಅಂಕಿಯನ್ನೇ ಹೇಳಿ, ನಡಾವಳಿಯಲ್ಲಿ ಬರೆಸಿ.