ತೊನ್ನು, ಕೋಡ, ವಿಟಿಲಿಗೊ: ಚರ್ಮರೋಗಗಳ ಹೆಸರು ಮತ್ತು ತಿಳಿಗನ್ನಡದ ಹೊಣೆ

ವೈದ್ಯವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪ್ರಶ್ನೆ ಎದುರಾದಾಗಲೆಲ್ಲ ವಿದ್ವಾಂಸರ ಚರ್ಚೆ ಪಾರಿಭಾಷಿಕ ಪದಗಳ ಸುತ್ತಲೇ ಸುತ್ತುತ್ತದೆ. ಪದವನ್ನು ಸಂಸ್ಕೃತದಿಂದ ಕಟ್ಟಬೇಕೆ, ಇಂಗ್ಲಿಷಿನಿಂದ ಹಾಗೆಯೇ ತರಬೇಕೆ, ಆಡುನುಡಿಯಿಂದ ಆಯ್ದುಕೊಳ್ಳಬೇಕೆ ಎಂಬ ಮೂರು ಪಕ್ಷಗಳು ಹಳೆಯವು. ಚರ್ಮರೋಗಗಳ ವಿಷಯದಲ್ಲಿ ಈ ಚರ್ಚೆ ಸಾಲದಾಗುತ್ತದೆ. ಹೃದಯದ ಬೇನೆ ಒಳಗೆ ಅಡಗಿರುತ್ತದೆ; ಚರ್ಮದ ಬೇನೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ವೈದ್ಯನು ಅದಕ್ಕೆ ಹೆಸರಿಡುವ ಮೊದಲೇ ನೆರೆಹೊರೆಯವರು ಹೆಸರಿಟ್ಟಿರುತ್ತಾರೆ. ಆ ಹೆಸರಿನ ಮೇಲೆ ಮದುವೆ, ಉದ್ಯೋಗ, ಪಂಕ್ತಿಯ ಊಟ ನಿಂತಿರುತ್ತವೆ.

ಈ ಸಮಸ್ಯೆಯನ್ನು ಪರಿಶೀಲಿಸಲು ಪುಣೆ ತಕ್ಕ ಸ್ಥಳ. ಬೇಂದ್ರೆಯವರು ಓದಿದ, ಗೋಕಾಕರು ಪಾಠ ಹೇಳಿದ ಫರ್ಗ್ಯುಸನ್ ಕಾಲೇಜಿನ ಈ ನಗರದಲ್ಲಿ ಕನ್ನಡಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಕಲಬುರಗಿ, ವಿಜಯಪುರ ಕಡೆಯ ಕೂಲಿಕಾರರು ಕಟ್ಟಡದ ಕೆಲಸಕ್ಕೆ ಬರುತ್ತಲೇ ಇದ್ದಾರೆ. 1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆಯಂಥ ಸ್ಥಳದಲ್ಲಿ ಇಂಥ ಕನ್ನಡಿಗ ರೋಗಿ ಮೂರು ಭಾಷೆಗಳ ನಡುವೆ ನಿಲ್ಲುತ್ತಾನೆ: ಮನೆಯ ಮಾತು ಕನ್ನಡ, ವೈದ್ಯರ ಪ್ರಶ್ನೆ ಮರಾಠಿ, ಚೀಟಿಯ ಬರಹ ಇಂಗ್ಲಿಷ್. ಮೊದಲೆರಡರ ನಡುವೆ ಅಂತರ ಹೆಚ್ಚಿಲ್ಲವೆಂದು ತೋರಬಹುದು. ಕನ್ನಡದ ಇಸಬು ಮರಾಠಿಯಲ್ಲಿ ಇಸಬ. ಬಂಗು ಅಲ್ಲಿ ವಾಂಗ. ಗಜಕರ್ಣ ಎರಡರಲ್ಲೂ ಗಜಕರ್ಣವೇ. ಕಜ್ಜಿ ಖರೂಜವಾಗುವುದನ್ನೂ ಸರ್ಪಸುತ್ತು ನಾಗೀಣವಾಗುವುದನ್ನೂ ಕಲಿಯಲು ಬಹುಕಾಲ ಬೇಡ. ಆದರೆ ಪದ ತಿಳಿದೊಡನೆ ರೋಗ ತಿಳಿಯಿತೆಂದು ಭಾವಿಸುವುದೇ ತೊಡಕಿನ ಮೂಲ.

ಇದಕ್ಕೆ ತೊನ್ನು ಪ್ರಬಲ ನಿದರ್ಶನ. ಇಂಗ್ಲಿಷಿನಲ್ಲಿ ವಿಟಿಲಿಗೊ ಎನಿಸುವ ಈ ಸ್ಥಿತಿಯಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಅಲ್ಲಲ್ಲಿ ನಾಶವಾಗಿ ಬಿಳಿಯ ಮಚ್ಚೆಗಳು ಮೂಡುತ್ತವೆ. ಅದು ಅಂಟುವುದಿಲ್ಲ, ಅದಕ್ಕೆ ರೋಗಾಣು ಕಾರಣವಲ್ಲ. ಆದರೆ ಹಳೆಯ ಕನ್ನಡದ ಬಳಕೆಯಲ್ಲಿ ತೊನ್ನು ಎಂಬ ಶಬ್ದ ಕುಷ್ಠದ ಅರ್ಥದಲ್ಲಿಯೂ ಸಂದಿದೆ. ಮರಾಠಿಯ ಸ್ಥಿತಿಯೂ ಭಿನ್ನವಲ್ಲ. ಅಲ್ಲಿನ ಕೋಡ ಎಂಬ ಮಾತು ಸಂಸ್ಕೃತದ ಕುಷ್ಠ ಶಬ್ದವೇ ಪ್ರಾಕೃತದ ಮೂಲಕ ಸವೆದು ಬಂದ ರೂಪ. ಪಾಂಢರೆ ಕೋಡ ಎಂದರೆ ವ್ಯುತ್ಪತ್ತಿಯ ದೃಷ್ಟಿಯಿಂದ ಬಿಳಿಯ ಕುಷ್ಠ. ಎರಡು ಬೇರೆ ಬೇರೆ ರೋಗಗಳನ್ನು ಭಾಷೆ ಒಂದೇ ಹೆಸರಿನಲ್ಲಿ ಕಟ್ಟಿತು. ಸಮಾಜ ಒಂದರ ಭಯವನ್ನು ಇನ್ನೊಂದಕ್ಕೆ ವರ್ಗಾಯಿಸಿತು. ಪುಣೆಯ ಕನ್ನಡಿಗ ರೋಗಿ ಒಂದು ಭಾಷೆಯ ಗೊಂದಲದಿಂದ ಇನ್ನೊಂದು ಭಾಷೆಯ ಗೊಂದಲಕ್ಕೆ ದಾಟುತ್ತಾನೆ, ಅಷ್ಟೆ.

ಸಾಹಿತ್ಯಪರಂಪರೆಯೂ ಈ ಮನೋಭಾವದಿಂದ ಹೊರತಾಗಿಲ್ಲ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿ ರೋಗಗ್ರಸ್ತವಾದ ಶರೀರ ರೂಪದ ಅನಿತ್ಯತೆಗೆ ದೃಷ್ಟಾಂತ. ಧರ್ಮಕಥೆಗೆ ಅದು ಉಚಿತವೇ. ಆದರೆ ದೃಷ್ಟಾಂತ ಜನಮನದಲ್ಲಿ ಕಾರಣವಾಗಿ ಪರಿಣಮಿಸಿ, ರೋಗ ಕರ್ಮದ ಗುರುತೆಂಬ ನಂಬಿಕೆಯೊಡನೆ ಬೆರೆತಾಗ ರೋಗಿ ಅಪರಾಧಿಯಾಗುತ್ತಾನೆ. ಪುಣೆಯ ಯರವಡಾ ಕಾರಾಗೃಹದಲ್ಲಿ ಸಂಸ್ಕೃತ ವಿದ್ವಾಂಸರಾದ ಪರಚುರೆ ಶಾಸ್ತ್ರಿಗಳನ್ನು ಕುಷ್ಠರೋಗದ ಕಾರಣದಿಂದ ಪ್ರತ್ಯೇಕವಾಗಿ ಇರಿಸಲಾಗಿತ್ತು. ಅದೇ ಕಾರಾಗೃಹದಲ್ಲಿದ್ದ ಗಾಂಧೀಜಿ ಮುಂದೆ ಸೇವಾಗ್ರಾಮದಲ್ಲಿ ಅವರ ಶುಶ್ರೂಷೆಯನ್ನು ತಾವೇ ಮಾಡಿದರು. ವಿದ್ವತ್ತು ಕೂಡ ಆ ಹೆಸರಿನ ಭಾರದಿಂದ ರೋಗಿಯನ್ನು ಕಾಪಾಡಲಾರದು ಎಂಬುದಕ್ಕೆ ಇದು ಸಾಕ್ಷಿ.

ವಿಜ್ಞಾನ ಬಹುದೂರ ಸಾಗಿದೆ. ಕುಷ್ಠದ ರೋಗಾಣುವನ್ನು ಹ್ಯಾನ್ಸೆನ್ 1873ರಲ್ಲಿ ಗುರುತಿಸಿದನು. ಬಹುವಿಧ ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಕಾನೂನು ನಿಧಾನವಾಗಿ ಹಿಂಬಾಲಿಸಿತು: 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ, ವಿವಾಹ ವಿಚ್ಛೇದನಕ್ಕೆ ಕುಷ್ಠ ಕಾರಣವೆಂಬ ಮಾತು ವೈಯಕ್ತಿಕ ಕಾನೂನುಗಳಿಂದ ಹೋದದ್ದು 2019ರಲ್ಲಿ. ಇವೆರಡಕ್ಕಿಂತ ಹಿಂದೆ ಉಳಿದಿರುವುದು ಭಾಷೆ. ತೊನ್ನು ಹಿಡಿಯಲಿ ಎಂಬ ಶಾಪ ಇಂದಿಗೂ ನಾಲಗೆಯಿಂದ ಇಳಿದಿಲ್ಲ.

ಹಾಗಾದರೆ ಪರಭಾಷೆಯ ಪಾರಿಭಾಷಿಕ ಪದವೇ ಲೇಸೆಂದು ವಾದಿಸುವವರುಂಟು. ಆ ಪದಗಳ ಬೇರನ್ನು ಕೆದಕಿದರೆ ಅಲ್ಲಿಯೂ ನಿರ್ಮಲವಾದ ವಿಜ್ಞಾನವಷ್ಟೇ ಕಾಣುವುದಿಲ್ಲ. ವಿಟಿಲಿಗೊ ಎಂಬುದು ದೋಷವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿರಬಹುದೆಂಬ ಅಭಿಪ್ರಾಯವಿದೆ. ಸೋರಿಯಾಸಿಸ್‌ನ ಗ್ರೀಕ್ ಮೂಲಕ್ಕೆ ತುರಿಕೆ ಎಂದಷ್ಟೇ ಅರ್ಥ; ಯುರೋಪು ಅದನ್ನೂ ಕುಷ್ಠದೊಡನೆ ಬೆರೆಸಿಕೊಂಡಿತ್ತು, ವಿಯೆನ್ನಾದ ವೈದ್ಯ ಹೆಬ್ರಾ 1841ರಲ್ಲಿ ಅವನ್ನು ಸ್ಪಷ್ಟವಾಗಿ ಬೇರ್ಪಡಿಸಿದನು. ಎಕ್ಸಿಮಾ ಎಂದರೆ ಕುದಿದು ಹೊರಬಂದದ್ದು. ಹರ್ಪಿಸ್ ಎಂದರೆ ತೆವಳುವುದು. ಅದರ ಧಾತು ಸಂಸ್ಕೃತದ ಸರ್ಪ ಶಬ್ದದ ಧಾತುವಿಗೆ ಸೋದರ. ಸರ್ಪಸುತ್ತು ಎಂದ ಹಳ್ಳಿಯ ಅಜ್ಜಿಯೂ ಹರ್ಪಿಸ್ ಎಂದ ಗ್ರೀಕ್ ವೈದ್ಯನೂ ಕಂಡದ್ದು ಒಂದೇ ಬಿಂಬವನ್ನು. ಆದ್ದರಿಂದ ಒಂದು ಶಾಸ್ತ್ರ, ಇನ್ನೊಂದು ಮೌಢ್ಯ ಎಂದು ಹೆಸರಿನ ಆಧಾರದಿಂದ ವಿಭಜಿಸುವುದು ಸಲ್ಲದು.

ಅಂತೆಯೇ, ದೇಸಿಯೆಂಬ ಒಂದೇ ಕಾರಣಕ್ಕೆ ಆಡುನುಡಿಯ ಹೆಸರನ್ನು ಮೆಚ್ಚುವುದೂ ಅಪಾಯಕರ. ಸರ್ಪದ ತಲೆಬಾಲಗಳು ಕೂಡಿದರೆ ಸಾವು ಎಂಬ ನಂಬಿಕೆ ಕನ್ನಡ, ಮರಾಠಿ ಎರಡು ನಾಡುಗಳಲ್ಲೂ ಇದೆ. ಸಿಡುಬಿನ ಸೌಮ್ಯ ರೂಪದಂತೆ ತೋರುವ ಸೀತಾಳೆಯ ವೈರಾಣು ನರದ ಬುಡದಲ್ಲಿ ಅಡಗಿದ್ದು, ವರ್ಷಗಳ ಮೇಲೆ ಮತ್ತೆ ಎದ್ದು ಬರುವುದೇ ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಆರಂಭವಾದರೆ ಹೆಚ್ಚು ಫಲ; ಆ ಅವಧಿ ಅನೇಕ ವೇಳೆ ಮಂತ್ರ, ಲೇಪಗಳಲ್ಲಿ ಕಳೆದುಹೋಗುತ್ತದೆ. ಹುಳುಕಡ್ಡಿಯಲ್ಲಿ ಹುಳುವಿಲ್ಲ, ಇರುವುದು ಬೂಷ್ಟಿನ ಜಾತಿಯ ಶಿಲೀಂಧ್ರ. ನಿಜವಾಗಿ ಕ್ರಿಮಿಯಿರುವ ಕಜ್ಜಿಯ ಹೆಸರಿನಲ್ಲಿ ಅದರ ಸುಳಿವೇ ಇಲ್ಲ. ಹುಳುಕಡ್ಡಿಗೆ ಅಂಗಡಿಯಿಂದ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿ ತುರಿಕೆ ತಗ್ಗಿತೆಂದು ನಂಬಿದವರಲ್ಲಿ ರೋಗ ಮತ್ತಷ್ಟು ಹರಡುವುದನ್ನು ಚರ್ಮವೈದ್ಯರು ದಿನವೂ ಕಾಣುತ್ತಾರೆ.

ಹೊಸ ಹೆಸರಿಡುವ ಪ್ರಯತ್ನಕ್ಕೂ ಪುಣೆಯಲ್ಲಿ ನಿದರ್ಶನವಿದೆ. ಡಾ. ಮಾಯಾ ತುಳಪುಳೆಯವರು ಕಟ್ಟಿದ ತೊನ್ನುಳ್ಳವರ ಸಂಘಟನೆ ಕೋಡ ಎಂಬ ಮಾತನ್ನು ಬಿಟ್ಟು ಶ್ವೇತಾ ಎಂಬ ಹೆಸರನ್ನು ಆಯ್ದುಕೊಂಡಿತು. ಸುಮಿತ್ರಾ ಭಾವೆ ಹಾಗೂ ಸುನೀಲ ಸುಕ್ಥನಕರ ಅವರ 2006ರ ಮರಾಠಿ ಚಲನಚಿತ್ರ 'ನಿತಳ' ಇದೇ ವಸ್ತುವನ್ನು ಕುರಿತದ್ದು. ನಿತಳ ಎಂದರೆ ನೀರಿನಂತೆ ತಿಳಿಯಾದುದು. ಈ ಪ್ರಯತ್ನಗಳು ಆದರಣೀಯ. ಆದರೂ ಹೆಸರು ಬದಲಾದ ಮಾತ್ರಕ್ಕೆ ತಿಳಿವಳಿಕೆ ಬದಲಾಗುವುದಿಲ್ಲ. ಹಳೆಯ ಭಯ ಹೊಸ ಹೆಸರಿಗೂ ನಿಧಾನವಾಗಿ ಅಂಟಿಕೊಳ್ಳಬಲ್ಲದು.

ಆದ್ದರಿಂದ ಚರ್ಮರೋಗದ ವಿಷಯದಲ್ಲಿ ತಿಳಿಗನ್ನಡದ ಘಟಕ ಪದವಲ್ಲ, ವಾಕ್ಯ. ಪ್ರತಿಯೊಂದು ಹೆಸರಿನ ಜೊತೆಗೆ ಮೂರು ಮಾತುಗಳು ಬರಬೇಕು: ಇದು ಏನು, ಅಂಟುತ್ತದೆಯೆ, ಗುಣವಾಗುತ್ತದೆಯೆ. 'ತೊನ್ನಿನ ಮಚ್ಚೆಯಲ್ಲಿ ಮುಟ್ಟಿದ್ದು ಎಂದಿನಂತೆ ತಿಳಿಯುತ್ತದೆ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಜೋಮು ಹಿಡಿದಿರುತ್ತದೆ. ಜೋಮಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು, ಔಷಧದಿಂದ ಅದು ಪೂರ್ತಿ ಗುಣವಾಗುತ್ತದೆ.' 'ಕಜ್ಜಿ ಚರ್ಮದೊಳಗೆ ಬಿಲ ತೋಡುವ ಸೂಕ್ಷ್ಮ ಕ್ರಿಮಿಯಿಂದ ಬರುತ್ತದೆ. ಮನೆಯವರೆಲ್ಲ ಒಂದೇ ಬಾರಿಗೆ ಔಷಧ ಹಚ್ಚಿಕೊಳ್ಳಬೇಕು.' ಇಂಥ ವಾಕ್ಯಗಳಲ್ಲಿ ಅಪರಿಚಿತ ಪದವೊಂದೂ ಇಲ್ಲ. ಆದರೆ ಬರೆಯುವವನಿಗೆ ಶಾಸ್ತ್ರ, ಭಾಷೆ ಎರಡೂ ಗೊತ್ತಿರಬೇಕು. ಅನುಪಮಾ ನಿರಂಜನರು ಸ್ತ್ರೀಯರ ಆರೋಗ್ಯವನ್ನು ಕುರಿತು ಬರೆದಾಗ ಈ ಮಾರ್ಗವನ್ನು ತೋರಿದರು. ವೈದ್ಯಕ ಶಬ್ದಗಳ ಹುಟ್ಟನ್ನು ಕುರಿತು ಡಾ. ಡಿ. ಎಸ್. ಶಿವಪ್ಪನವರು ಮಾಡಿದ ಕೆಲಸವೂ ಮುಂದಿನವರಿಗೆ ಆಧಾರ.

ಈ ಕಾರ್ಯವನ್ನು ವೈದ್ಯರಿಗೇ ಬಿಟ್ಟು ಕನ್ನಡ ವಿಭಾಗಗಳು ಸುಮ್ಮನಿರುವುದು ನ್ಯಾಯವಲ್ಲ. ಶಾಸನದ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಚರ್ಚಿಸುವ ವಿದ್ವತ್ತು ಜೀವಂತ ಮನುಷ್ಯನ ಮೈಮೇಲಿನ ಮಚ್ಚೆಯ ಹೆಸರಿಗೂ ಗಮನ ಕೊಡಬೇಕು. ಪುಣೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರು ಚರ್ಮದ ಬೇನೆಗಳಿಗೆ ಯಾವ ಮಾತನ್ನು ಬಳಸುತ್ತಾರೆ, ಒಂದೇ ಮಾತು ಎಲ್ಲಿ ಎರಡು ರೋಗಗಳನ್ನು ಸೂಚಿಸುತ್ತದೆ ಎಂಬುದನ್ನು ಸಂಗ್ರಹಿಸಿ, ಚರ್ಮವೈದ್ಯರೊಡನೆ ಕುಳಿತು ಪರಿಷ್ಕರಿಸಿದರೆ ಅದೊಂದು ಪಿಎಚ್‌.ಡಿ. ಪ್ರಬಂಧಕ್ಕೂ ಯೋಗ್ಯವಾದ ವಸ್ತು. ಅದರ ಫಲ ಗ್ರಂಥಾಲಯದ ಕಪಾಟಿಗಿಂತ ಮೊದಲು ಆಸ್ಪತ್ರೆಯ ಗೋಡೆಯನ್ನು ಸೇರಬೇಕು.