ಪಕ್ಕದ ಬೆಂಚಿನ ಮಗುವಿಗಾಗಿ ನೀವು ಬಾಯಿ ತೆರೆದಿರಾ?

ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಹೆತ್ತವರೇ,

ಭಾಷೆಯ ಕಾರಣಕ್ಕೆ ಅವಮಾನಕ್ಕೊಳಗಾಗುವುದು ಎಂದರೇನೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು ಹಿಂದಕ್ಕೆ ತಳ್ಳಿದಾಗ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರು ನೇಮಕಗೊಂಡು ಬಂದಾಗ, ಬಸ್ಸಿನಲ್ಲಿ ಮಗಳೊಡನೆ ಕನ್ನಡದಲ್ಲಿ ಮಾತನಾಡಿದ್ದಕ್ಕೆ ‘ನಿಮ್ಮ ಊರಿಗೇ ಹೋಗಿ’ ಎಂಬ ಮಾತು ಕಿವಿಗೆ ಬಿದ್ದಾಗ ಅದನ್ನು ನೀವು ಉಂಡಿದ್ದೀರಿ. ನಾವು ಎಲ್ಲಿಂದಲೋ ವಲಸೆ ಬಂದವರಲ್ಲ. 1956ರ ನವೆಂಬರ್ 1ರಂದು ಇದ್ದ ಊರಿನಲ್ಲಿಯೇ ಪರಕೀಯರಾದವರು. ಈ ನೋವನ್ನು ಕುರಿತು ಬಹಳಷ್ಟು ಬರೆದಿದ್ದೇವೆ, ಇನ್ನೂ ಬರೆಯಬೇಕು. ಆದರೆ ಇಂದು ನಿಮ್ಮನ್ನು ಬೇರೊಂದು ಪ್ರಶ್ನೆ ಕೇಳಬೇಕಾಗಿದೆ: ಅಂತಹುದೇ ಅವಮಾನ ನಿಮ್ಮ ಕಣ್ಣೆದುರಿಗೆ ಮತ್ತೊಬ್ಬರ ಮಗುವಿಗೆ ಆದಾಗ ನೀವೇನು ಮಾಡಿದಿರಿ?

ನನ್ನ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕಾಸರಗೋಡು ಜಿಲ್ಲೆಯ ಒಂದು ಶಾಲೆಯಲ್ಲಿ ರಕ್ಷಕ–ಶಿಕ್ಷಕ ಸಂಘದ ಸಭೆ ಸೇರಿತ್ತು. ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಒಬ್ಬರಾದ ಮೇಲೊಬ್ಬರು ಆವೇಶದಿಂದ ಮಾತನಾಡಿದರು, ನಾನೂ ಮಾತನಾಡಿದೆ. ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಎದ್ದು, ‘ಆ ಕಾಲನಿಯ ಕೊರಗರ ಮಕ್ಕಳ ಪಕ್ಕ ನಮ್ಮ ಹುಡುಗಿಯನ್ನು ಕೂರಿಸುವುದು ಬೇಡ ಟೀಚರೇ’ ಎಂದರು. ಒಂದಿಬ್ಬರು ನಕ್ಕರು. ಟೀಚರು ಹಾಜರಿ ಪುಸ್ತಕದ ಪುಟ ತಿರುವಿದರು. ಬಾಗಿಲ ಬಳಿ ಕುಳಿತಿದ್ದ ಆ ಮಕ್ಕಳ ತಾಯಿ ತಲೆ ತಗ್ಗಿಸಿದರು. ಐದು ನಿಮಿಷದ ಹಿಂದೆ ಸಂವಿಧಾನದ ಹೆಸರೆತ್ತಿ ಗುಡುಗಿದ ನಾನು ಚೀಲವನ್ನೆತ್ತಿಕೊಂಡು ಚಹಾ ಕುಡಿಯಲು ಹೊರಟೆ. ಮುಂದಿನ ಸಭೆಗೆ ಆ ತಾಯಿ ಬರಲಿಲ್ಲ. ಏಕೆ ಬರಲಿಲ್ಲವೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಆ ಮಾತನ್ನು ಆಡಿದವರೊಬ್ಬರು. ಕೇಳಿ ಸುಮ್ಮನಿದ್ದವರು ನಲವತ್ತು ಮಂದಿ. ಆ ತಾಯಿಯನ್ನು ಶಾಲೆಯಿಂದ ದೂರವಿಟ್ಟದ್ದು ಯಾವುದು, ಆ ಒಂದು ಮಾತೇ, ಈ ನಲವತ್ತು ಮೌನಗಳೇ?

ಕೊರಗರಿಗೆ ತಮ್ಮದೇ ಆದ ನುಡಿಯಿದೆ. ಹೊರಗಿನವರೊಡನೆ ಅವರು ತುಳುವಿನಲ್ಲಿ ವ್ಯವಹರಿಸುತ್ತಾರೆ. ಕನ್ನಡ ಮಾಧ್ಯಮದ ಬೆಂಚಿನಲ್ಲಿ ಕುಳಿತ ಕೊರಗರ ಮಗುವಿಗೆ ಕನ್ನಡವೇ ಪರಭಾಷೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ನಾವು ಆ ವಿಧಿಯನ್ನು ಕಂಠಪಾಠ ಮಾಡಿದ್ದೇವೆ. ಅಲ್ಪಸಂಖ್ಯಾತರ ನಡುವೆ ಇನ್ನೂ ಅಲ್ಪಸಂಖ್ಯಾತರಾದವರಿಗೂ ಅದು ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆತಿದ್ದೇವೆ. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಪರಿಶಿಷ್ಟರ ವಸತಿಗಳನ್ನು ‘ಕಾಲನಿ’ ಎಂದು ಕರೆಯಕೂಡದೆಂದು ಕೇರಳ ಸರಕಾರವು 2024ರಲ್ಲಿ ಆದೇಶಿಸಿತು. ಆ ಪದ ಕಾಗದದಿಂದ ಹೋಗುತ್ತದೆ. ನಮ್ಮ ನಾಲಗೆಯಿಂದ ಅದನ್ನು ಯಾರು ಅಳಿಸಬೇಕು?

‘ಇದು ಭಾಷೆಯ ಹೋರಾಟ, ಜಾತಿಯ ಮಾತು ಎತ್ತಿದರೆ ಒಗ್ಗಟ್ಟು ಒಡೆಯುತ್ತದೆ’ ಎನ್ನುವವರಿದ್ದಾರೆ. ಅವರು ಒಮ್ಮೆ ತರಗತಿಗೆ ಹೋಗಿ ಎಣಿಸಿ ನೋಡಲಿ. ಅನುಕೂಲವಂತರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಯಾಗಿದೆ. ಮಕ್ಕಳ ಸಂಖ್ಯೆ ಕುಸಿದರೆ ವಿಭಾಗ ಹೋಗುತ್ತದೆ, ವಿಭಾಗ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಹಲವು ಶಾಲೆಗಳಲ್ಲಿ ಕನ್ನಡ ವಿಭಾಗವನ್ನು ಉಳಿಸಿರುವವರು ಕೂಲಿಯವರ, ದಲಿತರ, ಆದಿವಾಸಿಗಳ ಮಕ್ಕಳು. ಶಾಲೆಯನ್ನು ತಮ್ಮ ಹಾಜರಿಯಿಂದ ಉಳಿಸಿದವರನ್ನೇ ಹಿಂದಿನ ಬೆಂಚಿಗೆ ತಳ್ಳಿ ಕಟ್ಟುವ ಒಗ್ಗಟ್ಟು ಯಾರ ಒಗ್ಗಟ್ಟು?

‘ಬರಿಯ ತಮಾಷೆ, ದೊಡ್ಡದು ಮಾಡಬೇಡಿ’ ಎನ್ನುವವರೂ ಇದ್ದಾರೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಪ್ರಕರಣವೂ ಅವನ ಕೂದಲನ್ನು ಕುರಿತ ಗೇಲಿಯಿಂದಲೇ ಆರಂಭವಾಯಿತು. ಹೊಡೆತ ತಿಂದ ಆ ಹುಡುಗ ಉಳಿಯಲಿಲ್ಲ. 2012ರ ಆಗಸ್ಟ್‌ನಲ್ಲಿ ಕೇವಲ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ದಿನದಿನದ ಗೇಲಿಯಿಂದ ಮೊದಲೇ ನೊಂದವರಿಗೆ ವದಂತಿಯನ್ನು ನಂಬುವುದು ಕಷ್ಟವಾಗಲಿಲ್ಲ. ಇಂದು ನಮ್ಮ ಮಕ್ಕಳು ಒಡಿಶಾ, ಅಸ್ಸಾಮು, ಬಿಹಾರದ ಕೂಲಿಕಾರರ ಮಕ್ಕಳೆಲ್ಲರನ್ನೂ ‘ಬಂಗಾಳಿ’ ಎಂದು ಕರೆದು ನಗುತ್ತಿದ್ದರೆ ಅವರು ಅದನ್ನು ಎಲ್ಲಿಂದ ಕಲಿತರು? ನಮ್ಮ ಅಂಗಳದಿಂದಲೇ.

ಇವೆಲ್ಲ ಬೇರೆ ಬೇರೆ ರೋಗಗಳಲ್ಲ. ಜನಾಂಗ ತಾರತಮ್ಯವನ್ನು ತೊಡೆಯಲು ವಿಶ್ವಸಂಸ್ಥೆಯು 1965ರಲ್ಲಿ ಅಂಗೀಕರಿಸಿದ ಒಡಂಬಡಿಕೆಯು ಬಣ್ಣದ ಜೊತೆಗೆ ಹುಟ್ಟಿನ ಮೂಲವನ್ನೂ ಹೆಸರಿಸಿದೆ. ಭಾರತ ಅದಕ್ಕೆ ಬದ್ಧವಾಗಿದೆ. ಹುಟ್ಟಿನಿಂದ ಬಂದುದನ್ನು ಕಳಂಕವೆಂದು ತೋರಿಸುವ ಬೆರಳು ಒಂದೇ. ಅದು ನಮ್ಮ ಕಡೆಗೆ ತಿರುಗಿದಾಗ ಕೂಗುತ್ತೇವೆ, ಬೇರೆಯವರ ಕಡೆಗೆ ತಿರುಗಿದಾಗ ‘ಊರ ಉಸಾಬರಿ ನಮಗೇಕೆ’ ಎನ್ನುತ್ತೇವೆ.

ನಮ್ಮ ಸೀಮೆಯಲ್ಲಿಯೇ ಬೇರೆ ದಾರಿ ಹಿಡಿದವರಿದ್ದರು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರವನ್ನು ಉಂಡರೂ ಹಿಂದೆಗೆಯಲಿಲ್ಲ. ನಮ್ಮಿಂದ ಅಷ್ಟು ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಸಭೆಯಲ್ಲಿ ಒಂದು ವಾಕ್ಯ ಆಡುವ ಧೈರ್ಯವನ್ನು ಕೇಳಲಾಗುತ್ತಿದೆ.

ಆ ವಾಕ್ಯ ಸರಳವಾದುದು: ‘ಈ ಮಾತು ತಪ್ಪು, ಇಲ್ಲಿ ಇದನ್ನು ಆಡಕೂಡದು.’ ಅದನ್ನು ಅಲ್ಲಿಯೇ, ಆಗಲೇ ಹೇಳಿ. ಅನಂತರ ಆ ಮಗುವಿನ ತಾಯಿಯ ಬಳಿಗೆ ಹೋಗಿ ಕುಳಿತುಕೊಳ್ಳಿ. ಅವರಿಗೇನು ಬೇಕೆಂದು ಕೇಳಿ, ಅವರ ಪರವಾಗಿ ನೀವೇ ತೀರ್ಮಾನಿಸಬೇಡಿ. ಆಡಿದ ಮಾತು, ದಿನಾಂಕ, ಅಲ್ಲಿದ್ದವರ ಹೆಸರುಗಳನ್ನು ಮನೆಗೆ ಬಂದೊಡನೆ ಬರೆದಿಡಿ. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಅದೇ ಕಾಯಿದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಹೆತ್ತವರೇ ಆಗಿರಬೇಕು. ಅಲ್ಲಿ ಆ ತಾಯಿಗೂ ಕುರ್ಚಿಯಿದೆಯೇ ಎಂದು ನೋಡಿ. ಶಾಲೆ ಕೇಳದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗವಿದೆ, 1098 ಸಹಾಯವಾಣಿಯಿದೆ. ಪರಿಶಿಷ್ಟರನ್ನು ಸಾರ್ವಜನಿಕರ ಎದುರಿನಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಡಿ ಅಪರಾಧ. 2015ರ ತಿದ್ದುಪಡಿಯು ಸಾಕ್ಷಿಗಳಿಗೂ ರಕ್ಷಣೆಯ ಹಕ್ಕನ್ನು ನೀಡಿದೆ.

ತಾಳವಾಡಿಯಲ್ಲಿರಲಿ, ಅಕ್ಕಲಕೋಟೆ, ಜತ್ತ, ಆದವಾನಿಯಲ್ಲಿರಲಿ, ನಿಮ್ಮ ಶಾಲೆಯಲ್ಲಿಯೂ ಬಾಗಿಲ ಬಳಿ ಕುಳಿತುಕೊಳ್ಳುವ ಒಬ್ಬ ತಾಯಿ ಇದ್ದೇ ಇರುತ್ತಾರೆ. ಅವರ ಮಗುವಿನ ಮಾನಕ್ಕಾಗಿ ಬಾಯಿ ತೆರೆಯದ ನಾವು, ನಮ್ಮ ನುಡಿಯ ಮಾನಕ್ಕಾಗಿ ಸರಕಾರದ ಮುಂದೆ ಯಾವ ಮುಖದಿಂದ ನಿಲ್ಲುತ್ತೇವೆ? ಅಂದು ನಾನು ಸುಮ್ಮನಿದ್ದೆ. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರ ಹಿರಿಯ ಮಗ ಶಾಲೆ ಬಿಟ್ಟಾಗಿತ್ತು. ನೀವು ಅಷ್ಟು ತಡ ಮಾಡಬೇಡಿ.